ವೃಷಭ ಹೊಡೆಯದ ಏಟು

ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ನಾನು ನೆಟ್ ಅಂಗಡಿ ಇಟ್ಟದ್ದು ಎರಡು ಸಾವಿರದ ಆರರಲ್ಲಿ. ಮಂದಿ ಬರುತ್ತಿದ್ದದ್ದು ಪರೀಕ್ಷೆಯ ಫಲಿತಾಂಶ ನೋಡಲಿಕ್ಕೆ, ರೈಲಿನ ಟಿಕೆಟ್ ತೆಗೆಸಲಿಕ್ಕೆ, ಇನ್ನು ಕೆಲವರು ಖೋಲಿಯ ಬಾಗಿಲು ಹಾಕಿಕೊಂಡು ಏನೇನೋ ನೋಡಲಿಕ್ಕೆ. ಸಿಟ್ಟಿಗೆದ್ದು ಬಾಗಿಲನ್ನೇ ಕಿತ್ತುಹಾಕಿಸಿದೆ. ಅದಾದ ಮೇಲೂ ದಿನಾ ತಪ್ಪದೆ ಬಂದವನು ಒಬ್ಬನೇ. ಗೊಬ್ಬರದ ಅಂಗಡಿಯ ಜಯಪಾಲನ ತಮ್ಮ, ವೃಷಭ.

ವೃಷಭನಿಗೆ ಮೂವತ್ತು ದಾಟಿತ್ತು. ಮನೆಯಲ್ಲಿ ಅವನಿಗೆ ಯಾರೂ ಬೈಯುತ್ತಿರಲಿಲ್ಲ, ಉಣ್ಣಲಿಕ್ಕೆ ಉಡಲಿಕ್ಕೆ ಕೊರತೆ ಇರಲಿಲ್ಲ. ಅವನಿಂದ ಆಗಬೇಕಾದ್ದು ಮಾತ್ರ ಅಲ್ಲಿ ಏನೂ ಇರಲಿಲ್ಲ. ಅಂಗಡಿಗೆ ಬಂದ ಗಿರಾಕಿ ಏನಾದರೂ ಕೇಳಿದರೆ ಇವನು ಬಾಯಿ ತೆರೆಯುವುದರೊಳಗೆ ಜಯಪಾಲ ಉತ್ತರ ಕೊಟ್ಟು ಮುಗಿಸುತ್ತಿದ್ದ. "ನೀ ಕುಂದ್ರೋ, ನಾ ನೋಡ್ತೇನಿ" ಅನ್ನುತ್ತಿದ್ದ. ಅದನ್ನು ಕೇಳಿ ಕೇಳಿ ವೃಷಭ ಕೂತೇಬಿಟ್ಟಿದ್ದ. ಹುಕ್ಕೇರಿ ಕಡೆ ಹೆಣ್ಣು ನೋಡಲು ಹೋದಾಗಲೂ ಮಾತಾಡಿದ್ದೆಲ್ಲ ಜಯಪಾಲನೇ. ಚಹಾ ಮುಗಿದ ಮೇಲೆ ಹುಡುಗಿಯ ಸೋದರಮಾವ, "ಇದರಾಗ ವರಾ ಯಾರ್ರಿ?" ಅಂತ ಕೇಳಿದನಂತೆ. ಊರಲ್ಲಿ ಇದನ್ನು ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಅವನು ಆಡುತ್ತಿದ್ದದ್ದು ರಾಜರು, ಮಾಂತ್ರಿಕರು, ಡ್ರ್ಯಾಗನ್‌ಗಳಿರುವ ಒಂದು ಆಟ. ಬೇರೆ ಬೇರೆ ಊರಿನವರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕೂತು ಒಂದೇ ಕಾಡಿನಲ್ಲಿ ತಿರುಗುತ್ತಾರೆ, ಗುಂಪು ಕಟ್ಟುತ್ತಾರೆ, ಮೃಗಗಳನ್ನು ಕೊಂದು ಮೇಲಿನ ಮೆಟ್ಟಿಲಿಗೆ ಏರುತ್ತಾರೆ. ಕತ್ತಿ, ಕಿರೀಟದ ಆಸೆಗೆ ಮಂದಿ ಇದಕ್ಕೆ ಅಂಟಿಕೊಳ್ಳುತ್ತಾರೆ ಅಂತ ನಾನು ತಿಳಿದಿದ್ದೆ. ಶುದ್ಧ ಸುಳ್ಳು. ಕಿರೀಟ ವಾರಕ್ಕೇ ಹಳಸುತ್ತದೆ. ಒಂದು ದಿನ ವೃಷಭ ಬರಲಿಲ್ಲ. ಮರುದಿನ ಅವನು ಆಟ ತೆರೆದಾಗ ನಾನು ಹಿಂದೆಯೇ ನಿಂತಿದ್ದೆ. ತೆರೆದ ಕೂಡಲೇ ಪರದೆಯ ಮೇಲೆ ಅವನ ಗುಂಪಿನ ಐದು ಮಂದಿಯ ಹಿಂದಿ ಮಾತು ಸಾಲು ಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ಬಂತು. ನಿನ್ನೆ ಎಲ್ಲಿ ಹೋಗಿದ್ದೆ, ಮೈಯಲ್ಲಿ ಹುಷಾರಿಲ್ಲವೇ, ನೀನಿಲ್ಲದೆ ನಾವು ಹೋಗಲಿಲ್ಲ. ಅದನ್ನು ಓದುವಾಗ ಅವನ ಮುಖ ನೋಡಿದೆ. ಅಷ್ಟು ಬೆಳಕನ್ನು ಆ ಮುಖದಲ್ಲಿ ಮೊದಲು ಕಂಡಿರಲಿಲ್ಲ. ಅವನು ಬರುತ್ತಿದ್ದದ್ದು ಇದಕ್ಕೆ.

ಅವನ ತಾಯಿ ಸೀತಾಬಾಯಿಗೆ ಇದು ಹಿಡಿಸಲಿಲ್ಲ. ಮಗ ಕೆಟ್ಟ ಅಂತ ಕಂಡಕಂಡವರ ಮುಂದೆ ಅಳುತ್ತಿದ್ದಳು. ಆ ವರ್ಷ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆಂದು ನಮ್ಮ ಬಾಜೂ ಊರಿನ ಬಸದಿಯಲ್ಲಿ ತಂಗಿದ್ದರು. ಜೈನರಲ್ಲಿ ಆ ನಾಲ್ಕು ತಿಂಗಳಲ್ಲಿ ಮುನಿಗಳ ಮುಂದೆ ಕೂತು ನಿಯಮ ತೆಗೆದುಕೊಳ್ಳುವ ರೂಢಿ ಇದೆ. ಒಬ್ಬರು ಬಟಾಟೆ ಬಿಡುತ್ತಾರೆ, ಒಬ್ಬರು ಸಿನಿಮಾ ಬಿಡುತ್ತಾರೆ. ಸೀತಾಬಾಯಿ ಮಗನನ್ನು ಎಳೆದುಕೊಂಡು ಹೋದಳು. ಮೈಕು ಜೋಡಿಸಲಿಕ್ಕೆ ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಮಹಾರಾಜ್ರ, ಇವನ ಕಡಿಂದ ಆ ಕಂಪ್ಯೂಟರ್ ಆಟ ಬಿಡಸ್ರಿ. ಬರೇ ಕಡಿಯೂದು, ಕೊಲ್ಲೂದು ಐತ್ರಿ ಅದರಾಗ" ಅಂದಳು ಸೀತಾಬಾಯಿ.

ವೃಷಭ ಕೈಮುಗಿದ. ಆಮೇಲೆ ಹೇಳಿದ. "ಆಟ ಬಿಡೂದು ನನ್ನ ಕೈಲೆ ಆಗೂದಿಲ್ರಿ. ಆಟದಾಗ ಜೀವಾ ತಗಿಯೂದು ಬಿಡ್ತೇನ್ರಿ. ಇರೂ ತನಕ."

ಕೂತ ಮಂದಿಯಲ್ಲಿ ಕಿಸಕ್ಕನೆ ನಗು ಎದ್ದಿತು. ಮಹಾರಾಜರು ಮಾತ್ರ ನಗಲಿಲ್ಲ. ಮನಸ್ಸಿನಲ್ಲಿ ಕೊಂದರೂ ಕೊಂದಂತೆಯೇ ಅಂತ ಹೇಳಿ, ನವಿಲುಗರಿಯ ಪಿಂಛಿಯನ್ನು ಅವನ ತಲೆಗೆ ತಾಗಿಸಿ ನಿಯಮ ಕೊಟ್ಟರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂತ ನಾನು ಖುಷಿಪಟ್ಟೆ. ನನ್ನ ಬುದ್ಧಿ ಅಷ್ಟೇ.

ಕೊಲ್ಲದೆ ಮೇಲೆ ಏರಲಾಗದ ಆಟದಲ್ಲಿ ಕೊಲ್ಲುವುದಿಲ್ಲ ಅಂದವನು ಏನು ಮಾಡಬೇಕು? ವೃಷಭ ತನ್ನ ಕತ್ತಿಯ ಸರದಾರನನ್ನು ಬಿಟ್ಟು, ಮೊದಲಿನಿಂದ ಒಬ್ಬ ವೈದ್ಯನಾಗಿ ಶುರು ಮಾಡಿದ. ಬಿಳಿ ನಿಲುವಂಗಿ, ಕೈಯಲ್ಲಿ ಒಂದು ಬಡಿಗೆ. ಉಳಿದ ಐದು ಮಂದಿ ಕಾದಾಡುವಾಗ ಇವನು ಹಿಂದೆ ನಿಂತು ಅವರ ಗಾಯ ಮಾಯಿಸಬೇಕು. ತನ್ನ ನಿಯಮವನ್ನು ಅವರಿಗೆ ಹೇಳಿದ. ಅವರು ನಕ್ಕರು. ವೈದ್ಯ ಹೊಡೆಯುವುದು ಯಾಕೆ, ನೀನು ನಮ್ಮನ್ನು ಉಳಿಸು ಸಾಕು ಅಂದರು. ಅವತ್ತಿನಿಂದ ಅವನನ್ನು 'ವೈದ್ಯಜಿ' ಅಂತ ಕರೆದರು.

ನಾನು ಕೆಣಕದೆ ಬಿಡುವವನಲ್ಲ. "ಕಡಿಯೂವ್ನ ಕೈಗೆ ಎಣ್ಣಿ ಹಚ್ಚೂದು ಪಾಪ ಅಲ್ಲೇನೋ?" ಅಂದೆ.

"ನಾ ಗಾಯ ಅಷ್ಟ ನೋಡ್ತೇನಿ, ಬಾಳೇಶಣ್ಣ" ಅಂದ.

ಮರುವರ್ಷ ಆ ಆಟದಲ್ಲಿ ಒಂದು ಮುದಿ ಡ್ರ್ಯಾಗನ್ ಬಂತು. ಅದನ್ನು ಯಾವ ಗುಂಪಿಗೂ ಬಗ್ಗಿಸಲಾಗಿರಲಿಲ್ಲ. ಇವರ ನಾಯಕ ಇಂದೋರಿನವನು. ನಾವೇ ಮೊದಲಿಗರಾಗಬೇಕು ಅಂತ ತಿಂಗಳುಗಟ್ಟಲೆ ತಯಾರಿ ನಡೆಸಿದ. ಸೋತರೆ ಅಷ್ಟು ದಿನ ಕೂಡಿಸಿದ ಆಯುಧವೆಲ್ಲ ಹೋಗುತ್ತದೆ ಅನ್ನುವುದು ಆಟದ ಕಾಯಿದೆ. ಒಂದು ರವಿವಾರ ಸಂಜೆ ಕೂಡಿದರು. ಕರೆಂಟು ಕೈಕೊಟ್ಟೀತು ಅಂತ ನಾನು ಮೊದಲೇ ಜನರೇಟರ್ ಹಚ್ಚಿದೆ. ನನಗೂ ಹುಚ್ಚು ಹಿಡಿದಿತ್ತು.

ವೃಷಭ ಅವತ್ತು ಆಡಿದ ಹಾಗೆ ಯಾರೂ ಆಡಲಿಲ್ಲ. ಒಬ್ಬ ಬೀಳುವುದರೊಳಗೆ ಅವನನ್ನು ಎಬ್ಬಿಸುತ್ತಿದ್ದ, ಇನ್ನೊಬ್ಬನ ಬೆಂಕಿ ಆರಿಸುತ್ತಿದ್ದ. ಅವನ ಮಂತ್ರದ ಶಕ್ತಿ ಮುಗಿಯುತ್ತ ಬಂತು. ಒಬ್ಬೊಬ್ಬರಾಗಿ ಐದೂ ಮಂದಿ ಬಿದ್ದರು. ಆ ಪ್ರಾಣಿಗೂ ಜೀವ ಗುಟುಕಿನಷ್ಟೇ ಉಳಿದಿತ್ತು. ನೆಲಕ್ಕೆ ತಲೆ ಹಚ್ಚಿ ಏದುಸಿರು ಬಿಡುತ್ತಿತ್ತು. ಎದುರಿಗೆ ಬಡಿಗೆ ಹಿಡಿದ ವೃಷಭ ಒಬ್ಬನೇ ನಿಂತಿದ್ದ.

ಬಿದ್ದವರೆಲ್ಲ ಬರೆಯತೊಡಗಿದರು. ಹೊಡಿ ವೈದ್ಯಜಿ. ಒಂದೇ ಏಟು. ಹೊಡಿ.

"ಹೊಡಿಯೋ ವೃಷಭ" ಅಂತ ನಾನೂ ಕೂಗಿದೆ.

ಹೊಡೆದರೆ ಅವನು ಆ ರಾಜ್ಯಕ್ಕೆಲ್ಲ ದೊಡ್ಡವನು. ಹೊಡೆಯದಿದ್ದರೆ ಆ ಐದು ಮಂದಿ ಅವನಿಗೆ ಇಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಮೌಸಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಪ್ರಾಣಿ ಮೆಲ್ಲಗೆ ತಲೆ ಎತ್ತಿ ಅವನನ್ನೂ ಸುಟ್ಟಿತು.

ಆಮೇಲೆ ಅವರು ಬರೆದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ತಾಯಿಯ ಹೆಸರೂ ಬಂತು, ಜಾತಿಯ ಹೆಸರೂ ಬಂತು. ವೃಷಭ ಎಲ್ಲವನ್ನೂ ಓದಿದ. ಮರುದಿನ ಗುಂಪಿನಿಂದ ಅವನ ಹೆಸರು ತೆಗೆದಿದ್ದರು. ಅವನು ಆದರೂ ಬಂದ. ದಿನಾ ಬಂದು ಆಟದೊಳಗಿನ ಕೋಟೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಆ ಐದು ಮಂದಿ ಬೇರೊಬ್ಬ ವೈದ್ಯನನ್ನು ಕಟ್ಟಿಕೊಂಡು ಇವನ ಎದುರಿಗೇ ಹಾದು ಹೋಗುತ್ತಿದ್ದರು. ಗಾಯಗೊಂಡ ಅಪರಿಚಿತರಿಗೆ ಇವನು ಮದ್ದು ಮಾಡುತ್ತಿದ್ದ, ಅವರು ತಿರುಗಿಯೂ ನೋಡುತ್ತಿರಲಿಲ್ಲ. ಇನ್ನೊಂದು ಗುಂಪು ಸೇರೋ ಅಂತ ಬೇಡಿಕೊಂಡೆ. ಹೊಡೆಯದವನ ಸುದ್ದಿ ಅಲ್ಲೆಲ್ಲ ಹಬ್ಬಿತ್ತು, ಯಾರೂ ಸೇರಿಸಿಕೊಳ್ಳಲಿಲ್ಲ. ಅದನ್ನು ನೋಡುವುದಕ್ಕಿಂತ ಅಂಗಡಿ ಮುಚ್ಚುವುದು ಲೇಸು ಅನ್ನಿಸುತ್ತಿತ್ತು.

ಅವನು ಊಟ ಬಿಟ್ಟ. ಒಂದು ಸಂಜೆ ಸೀತಾಬಾಯಿ ಅವನನ್ನು ಹುಡುಕಿಕೊಂಡು ನನ್ನ ಅಂಗಡಿಗೇ ಬಂದಳು. ಏನಾಯಿತು ಅಂತ ಕೇಳಿದಳು. ಅವನ ಬದಲು ನಾನೇ ಎಲ್ಲ ಹೇಳಿದೆ.

ಅವಳು ಮಗನ ಭುಜ ಹಿಡಿದಳು. "ಅಲ್ಲೋ ಮಗನ, ಅದು ಬರೇ ಚಿತ್ರ ಅಲ್ಲೇನು? ಒಂದ ಏಟು ಹೊಡದಿದ್ರ ಏನಾಕ್ಕಿತ್ತು? ಮಹಾರಾಜ್ರ ಕಡೆ ಹೋಗಿ ಪ್ರಾಯಶ್ಚಿತ್ತ ತಗೊಂಡ ಬರ್ತಿದ್ವಿ."

ವೃಷಭ ಪರದೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಆ ಪ್ರಾಣಿ ಚಿತ್ರ ಆದ್ರ, ನನ್ನ ಬಾ ಅಂತ ಕರದವ್ರೂ ಚಿತ್ರಾನ ಆದ್ರು ಅವ್ವಾ. ಹಂಗಾರ ನನ್ನ ಯಾರೂ ಕರದಾಂಗ ಆಗಲಿಲ್ಲ."

"ನಾ ಕರಿಯೂದಿಲ್ಲೇನೋ ದಿನಾ?"

"ನೀ ಉಣ್ಣಾಕ ಕರೀತಿ. ಉಂಡ ಮ್ಯಾಲ ನಾ ಏನ ಮಾಡ್ಲಿ?"

ಸೀತಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಕಂಪ್ಯೂಟರ್ ಬಂದ್ ಮಾಡಿ, ತಾಯಿಯ ಕೈ ಹಿಡಿದು ಎಬ್ಬಿಸಿದ. ಆಮೇಲೆ ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ತಮ್ಮ ಆಟ ಬಿಟ್ಟ, ಹಾದಿಗೆ ಬಂದ ಅಂತ ಜಯಪಾಲ ಸ್ಟೇಷನ್ ರಸ್ತೆಯ ಅಂಗಡಿಗಳಿಗೆಲ್ಲ ಪೇಢೆ ಹಂಚಿದ. ನನ್ನ ಅಂಗಡಿಗೂ ಬಂದು ಹೊರಗಿನಿಂದಲೇ ಕರೆದ. "ತಗೋರಿ ಬಾಳೇಶ, ಬಾಯಿ ಸಿಹಿ ಮಾಡ್ಕೋರಿ" ಅಂತ ಒಂದು ಪೇಢೆ ಕೈಗಿಟ್ಟ. ಅವನ ಹಿಂದೆ ಪೇಢೆಯ ಡಬ್ಬಿ ಹಿಡಿದುಕೊಂಡು ವೃಷಭ ನಿಂತಿದ್ದ.