ಗುರುಪಾದಪ್ಪ ಮೇಸ್ತ್ರಿಯೂ ನಾನು ತೊಳೆದ ನೆಲವೂ

ಗುರುಪಾದಪ್ಪ ಮೇಸ್ತ್ರಿ ತಾವು ರಿಪೇರಿ ಮಾಡಿದ ವಿಮಾನದಲ್ಲಿ ಮೊದಲು ತಾವೇ ಕೂರುತ್ತಿದ್ದರು. ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ರೆಕ್ಕೆಯ ಕೆಳಗೆ ಜೋಡಿಸಿಡುತ್ತಿದ್ದರು. ದೇವರ ಭಯ ಅಂದುಕೊಂಡಿದ್ದೆ. ಒಂದು ದಿನ ಕೇಳಿದೆ. ಭಯವೂ ಅಲ್ಲ, ಭಕ್ತಿಯೂ ಅಲ್ಲವಂತೆ. ಬರಿಗಾಲಲ್ಲಿ ಕೂತರೆ ಎಂಜಿನ್ ನಡುಗುವುದು ನೇರವಾಗಿ ಅಂಗಾಲಿಗೆ ಗೊತ್ತಾಗುತ್ತದಂತೆ. ವಿಮಾನ ಹಾರಿಸುವ ಮೇಷ್ಟ್ರ ಪಕ್ಕ ಕೂತು, ಒಂದು ಸುತ್ತು ಹೋಗಿ ಬಂದು, ಚಪ್ಪಲಿ ಮೆಟ್ಟಿಕೊಂಡು, ಒಂದು ಲೋಟ ನೀರು ಕುಡಿದ ಮೇಲೆಯೇ ಹುಡುಗರನ್ನು ಅದರೊಳಗೆ ಬಿಡುತ್ತಿದ್ದರು. ಇಲ್ಲವಾದರೆ ಯಾರು ಹೇಳಿದರೂ ಬಿಡುತ್ತಿರಲಿಲ್ಲ.

ಆ ಶಾಲೆ ಯಲಹಂಕ ದಾಟಿ ನಮ್ಮೂರ ಗೋಮಾಳದ ಪಕ್ಕದಲ್ಲಿತ್ತು. ಸಣ್ಣ ವಿಮಾನ ಹಾರಿಸುವುದನ್ನು ಕಲಿಸಿ ಲೈಸೆನ್ಸ್ ಕೊಡಿಸುವ ಖಾಸಗಿ ಶಾಲೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಅಲ್ಲಿ ಎರಡು ಕೆಲಸ. ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿನ ನೆಲ ತೊಳೆಯುವುದು ಒಂದು. ವಿಮಾನ ಇಳಿಯುವ ಹೊತ್ತಿಗೆ ಕೋಲು ಹಿಡಿದು ಓಡಿ, ದಾರಿಯ ಮೇಲೆ ಮಲಗಿದ ದನ ಎಬ್ಬಿಸುವುದು ಇನ್ನೊಂದು. ದನಗಳೆಲ್ಲ ನಮ್ಮೂರವೇ. ಗೌಡರ ಎಮ್ಮೆಗೆ ಹೊಡೆದೆನೆಂದು ಊರಲ್ಲಿ ಬೈಗುಳ, ಹೊಡೆಯದಿದ್ದರೆ ಇಲ್ಲಿ ಬೈಗುಳ. ಎರಡನ್ನೂ ತಿಂದುಕೊಂಡು ಬದುಕಿದೆ.

ಮೇಸ್ತ್ರಿ ಗದಗದ ಕಡೆಯವರು. ಗಂಗಾನಗರದಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಬುತ್ತಿಯಲ್ಲಿ ದಿನಾ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ನನ್ನ ರಾಗಿಮುದ್ದೆ ನೋಡಿ, ಇದನ್ನು ಅಗಿಯುವುದು ಬೇಡವೇನು ಎಂದು ನಗುತ್ತಿದ್ದರು. ಅವರ ರೊಟ್ಟಿ ಮುರಿದು, ಇದು ಶೆಡ್ಡಿನ ತಗಡೋ ರೊಟ್ಟಿಯೋ ಎಂದು ನಾನು ಕೇಳುತ್ತಿದ್ದೆ. ನನ್ನನ್ನು 'ಯವ್ವಾ' ಎಂದೇ ಕರೆಯುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಯವ್ವಾ.

ಅವರ ಮೇಲೆ ನನಗಿದ್ದ ಸಿಟ್ಟೆಂದರೆ ಎಣ್ಣೆಯದು. ನಾನು ಬೆಳಿಗ್ಗೆ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದ ನೆಲದ ಮೇಲೆ ಹತ್ತು ಗಂಟೆಗೆಲ್ಲ ಎಂಜಿನ್ ಬಿಚ್ಚಿ ಕೂರುತ್ತಿದ್ದರು. ಕೆಳಗೆ ತಟ್ಟೆ ಇಟ್ಟರೂ ಸುತ್ತ ಕರಿ ಎಣ್ಣೆ.

"ಏನ್ ಮೇಸ್ತ್ರಿ, ಈಗ್ತಾನೆ ತೊಳ್ದಿವ್ನಿ. ಇಂಗೆ ಚೆಲ್ಲಿದ್ರೆ ನನ್ ಸೊಂಟ ಏನಾಗ್ಬೇಕು?" ಎಂದು ಕೂಗಿದರೆ ಅವರು ತಲೆ ಎತ್ತುತ್ತಿರಲಿಲ್ಲ.

"ಎಣ್ಣಿ ಬಿದ್ದೈತಿ ಅಂದ್ರ ವಿಮಾನಕ್ಕ ಜೀವ ಐತಿ ಅಂತ ತಿಳಕೋ ಯವ್ವಾ," ಎನ್ನುತ್ತಿದ್ದರು.

ನನಗೆ ಆಗ ಅದು ಸೋಮಾರಿಯ ಮಾತಿನಂತೆ ಕೇಳಿತ್ತು.

ಅವರು ಎಂಥವರೆಂದು ನಾನು ಮೊದಲು ಕಂಡದ್ದು ಒಬ್ಬ ದೊಡ್ಡ ಮನುಷ್ಯರ ಮಗ ಕಲಿಯಲು ಬಂದ ದಿನ. ಕಾರಿನಲ್ಲಿ ಬಂದು ಇಳಿದವನು ಈಗಲೇ ಹಾರಬೇಕು ಎಂದ. ವಿಮಾನದ ಎಂಜಿನ್ನಿನಲ್ಲಿ ಏನೋ ಕಟಕಟ ಶಬ್ದ, ಮೇಸ್ತ್ರಿ ಅದನ್ನು ಹುಡುಕುತ್ತಿದ್ದರು. ಮ್ಯಾನೇಜರ್ ಬಂದು, ಸಣ್ಣ ಶಬ್ದ ತಾನೆ, ಬಿಡಿ ಎಂದು ಒತ್ತಾಯ ಮಾಡಿದ. ಆ ಮ್ಯಾನೇಜರು ಬಿಳಿ ಶರ್ಟು, ಕರಿ ಕನ್ನಡಕ, ಇಂಗ್ಲಿಷಿನಲ್ಲೇ ಕೆಮ್ಮುವ ಮನುಷ್ಯ. ಮೇಸ್ತ್ರಿ ಕೈ ಒರೆಸಿಕೊಂಡು ಚಪ್ಪಲಿ ಬಿಚ್ಚಿದರು.

"ಆತ್ರಿ ಸಾಹೇಬ್ರ. ಮೇಷ್ಟ್ರ ಬಾಜೂಕ ನಾ ಕೂಡ್ತೀನಿ, ಹಿಂದಿನ ಸೀಟಿನ್ಯಾಗ ನೀವು ಕೂಡ್ರಿ. ಹೋಗಿ ಬರೂಣು," ಎಂದರು.

ಮ್ಯಾನೇಜರ್ ಗಡಿಯಾರ ನೋಡಿಕೊಂಡ. ಯಶವಂತಪುರದಲ್ಲಿ ಯಾರನ್ನೋ ನೋಡಬೇಕಿತ್ತಂತೆ. ಸ್ಕೂಟರ್ ಹತ್ತಿ ಹೋದವನು ಅವತ್ತು ತಿರುಗಿ ಬರಲಿಲ್ಲ. ನನಗೆ ಎಷ್ಟು ನಗು ಬಂತೆಂದರೆ, ಬಕೆಟ್ ಹಿಂದೆ ಬಾಗಿ ಕೂತುಬಿಟ್ಟೆ.

ಶೆಡ್ಡಿನಲ್ಲಿ ನಾಲ್ಕು ವಿಮಾನ ನಿಂತಿದ್ದವು. ಒಂದು ಹಾರುತ್ತಿತ್ತು. ಮಿಕ್ಕ ಮೂರೂ ಹಾರುವುದನ್ನು ನಾನು ಸೇರಿದ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಅವಕ್ಕೆ ಹೊಸ ಬಣ್ಣ ಹೊಡೆಸಿ, ಮೂತಿಯ ಮುಚ್ಚಳ ಭದ್ರಮಾಡಿ ನಿಲ್ಲಿಸಿದ್ದರು. ಮಗನನ್ನೋ ತಮ್ಮನನ್ನೋ ಸೇರಿಸಲು ಜನ ಬರುವ ಹಿಂದಿನ ದಿನ ಮ್ಯಾನೇಜರ್ ನನಗೆ, ನೆಲ ಕನ್ನಡಿ ಹಾಗೆ ಆಗಬೇಕು ಎಂದು ಹೇಳಿಹೋಗುತ್ತಿದ್ದ. ಮೇಸ್ತ್ರಿಗೆ ಅವತ್ತು ಏನನ್ನೂ ಬಿಚ್ಚಬಾರದೆಂದು ಕಟ್ಟಪ್ಪಣೆ. ಬಂದವರು ಒಳಗೆ ಕಾಲಿಟ್ಟು ಮೊದಲು ನೋಡುತ್ತಿದ್ದುದು ನೆಲವನ್ನೇ. ಎಷ್ಟು ಚೊಕ್ಕಟ, ಎಂಥ ಶಿಸ್ತು ಎನ್ನುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಉಬ್ಬುತ್ತಿದ್ದೆ. ಸೇರಿದ ಹುಡುಗರು ಆಮೇಲೆ ಬೆಂಚಿನ ಮೇಲೆ ಕೂತು ಕೇರಂ ಆಡುತ್ತಿದ್ದರು. ಇಪ್ಪತ್ತು ಹುಡುಗರು, ಒಂದು ವಿಮಾನ. ವಾರಕ್ಕೊಮ್ಮೆ ಸರದಿ ಬಂದರೆ ಪುಣ್ಯ. ಸರದಿ ಬಂದ ದಿನ ಗಾಳಿ ಎದ್ದು ಹಾರಾಟವೇ ಇಲ್ಲ. ಲೈಸೆನ್ಸಿಗೆ ಇಷ್ಟು ತಾಸು ಹಾರಿರಬೇಕು ಎಂದು ಲೆಕ್ಕವಿದೆ. ಅದು ತುಂಬದೆ ಎಷ್ಟೋ ಹುಡುಗರು ಮುಖ ಸಣ್ಣ ಮಾಡಿಕೊಂಡು ಬಿಟ್ಟುಹೋದರು. ನಾನು ದಿನಾ ನೋಡುತ್ತಿದ್ದೆ. ನೋಡಿಯೂ ನೆಲ ತಿಕ್ಕುತ್ತಿದ್ದೆ.

ಹಾಗಿರುವಾಗ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದರು. ಹುಬ್ಬಳ್ಳಿಯ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಮಗಳು ಶಕುಂತಲಾ, ಎರಡು ಜಡೆ, ಕೈಯಲ್ಲಿ ಒಂದು ಫೈಲು. ಅವಳಿಗೆ ಸರ್ಕಾರದ ಸ್ಕಾಲರ್‌ಷಿಪ್ ಸಿಕ್ಕಿತ್ತು. ಒಂದೇ ವರ್ಷ. ಯಾವ ಶಾಲೆ ಎಂದು ಒಂದು ಸಲ ಬರೆದುಕೊಟ್ಟರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ವರ್ಷದೊಳಗೆ ಲೈಸೆನ್ಸ್ ಬರದಿದ್ದರೆ ವಿಮಾನದ ಮಾತೇ ಇಲ್ಲ, ಗುಮಾಸ್ತರ ಸಂಬಳದಲ್ಲಿ ಆಗುವ ಕೆಲಸವಲ್ಲ. ಇದನ್ನೆಲ್ಲ ಅವರು ಮ್ಯಾನೇಜರನಿಗೆ ಹೇಳುವಾಗ ನಾನು ಕಾಫಿ ಲೋಟ ಎತ್ತುತ್ತಿದ್ದೆ.

ದೂರದ ಊರಿನಲ್ಲಿ ಇನ್ನೊಂದು ಶಾಲೆ ಇತ್ತು. ಅದನ್ನೂ ನೋಡಿ ಬಂದಿದ್ದರು. ಅಲ್ಲಿ ತಗಡಿನ ಗೂಡು, ನೆಲದ ತುಂಬ ಎಣ್ಣೆ, ಮಗಳ ಲಂಗಕ್ಕೆ ಕಲೆಯಾಯಿತು ಎಂದು ಮೂಗು ಮುರಿದರು. ಇದಾದರೆ ಮನೆಗೆ ಹತ್ತಿರ, ನಾಲ್ಕು ವಿಮಾನ, ಊಟ ಬಡಿಸಬಹುದಾದಂಥ ನೆಲ. ಜೇಬಿನಿಂದ ಪೆನ್ನು ತೆಗೆದೇಬಿಟ್ಟಿದ್ದರು. ಕೊನೆಗೆ ಒಂದು ಸಲ ವಿಮಾನ ನೋಡಿಬಿಡೋಣ ಎಂದು ಶೆಡ್ಡಿಗೆ ಬಂದರು.

ಅಲ್ಲಿ ಸ್ಟೂಲಿನ ಮೇಲೆ ಮೇಸ್ತ್ರಿ ಕೈಕಟ್ಟಿ ಕೂತಿದ್ದರು. ಅವರ ಮಾತು ಕೇಳಿದ ಕೂಡಲೇ ಗುಮಾಸ್ತರ ಮುಖ ಅರಳಿತು. ಊರು ಯಾವುದು, ಯಾರ ಪೈಕಿ ಎಂದೆಲ್ಲ ಆಯಿತು. ಆಮೇಲೆ ಅವರು ಮೇಸ್ತ್ರಿಯ ಕೈ ಹಿಡಿದುಕೊಂಡರು.

"ನೀವು ನಮ್ಮ ಕಡಿಯವ್ರು. ಖರೇ ಹೇಳ್ರಿ. ಮಗಳನ್ನ ಇಲ್ಲಿ ಬಿಡ್ಲೇನು?"

ಮ್ಯಾನೇಜರ್ ಪಕ್ಕದಲ್ಲೇ ನಿಂತು ನಗುತ್ತಿದ್ದ. ಮೇಸ್ತ್ರಿ ಎದ್ದು ಹೋಗಿ ಎರಡನೆಯ ವಿಮಾನದ ಮೂತಿಯ ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿದರು. ಮ್ಯಾನೇಜರ್ ಇಂಗ್ಲಿಷಿನಲ್ಲಿ ಏನೋ ಗದರಿದ. ಅವರ ಕೈ ನಿಲ್ಲಲಿಲ್ಲ. ಮುಚ್ಚಳ ಎತ್ತಿದರೆ ಒಳಗೆ ಎಂಜಿನ್ನೇ ಇಲ್ಲ. ಮುಂದಿನ ರೆಕ್ಕೆಫ್ಯಾನನ್ನು ಒಂದು ಮರದ ದಿಮ್ಮಿಗೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ದಿಮ್ಮಿಯ ಮೇಲೆ ಗುಬ್ಬಿ ಗೂಡು ಕಟ್ಟಿತ್ತು. ಮೂರು ಮರಿ ಬಾಯಿ ತೆರೆದು ನಮ್ಮನ್ನೇ ನೋಡಿದವು.

"ಉಳಿದ ಎರಡೂ ಹಿಂಗ ಅದಾವ್ರಿ. ಹಾರೂದು ಒಂದ. ಇಪ್ಪತ್ತು ಮಂದಿ ಕಾಯಾಕತ್ತಾರ, ನಿಮ್ಮ ಮಗಳು ಇಪ್ಪತ್ತೊಂದನೇದಾಕಿ. ಎಣ್ಣಿ ಚೆಲ್ಲಿದ ಶಾಲಿಗೇ ಕಳಸ್ರಿ," ಎಂದರು ಮೇಸ್ತ್ರಿ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈ ಯವ್ವ ನೆಲ ಛಲೋ ತೊಳೀತಾಳ. ನೆಲಾ ನೋಡಿ ಎಷ್ಟು ಮಂದಿ ಮೋಸ ಹೋದ್ರೋ," ಎಂದರು.

ನನ್ನ ಮೈ ಉರಿದುಹೋಯಿತು. ಮೊದಲು ಅವರ ಮೇಲೆ, ಆಮೇಲೆ ನನ್ನ ಮೇಲೆ. ನಾಲ್ಕು ವರ್ಷ ಸೊಂಟ ಮುರಿದು ತಿಕ್ಕಿದ್ದು ಆ ಕನ್ನಡಕದವನ ಸುಳ್ಳಿಗೆ ಹೊಳಪು ಬರಲೆಂದೇ?

ತಂದೆ ಮಗಳು ಹೊರಟುಹೋದರು. ಮೇಸ್ತ್ರಿಯನ್ನು ಅಂದೇ ಕೆಲಸದಿಂದ ತೆಗೆದರು. ಅಷ್ಟೇ ಆಗಿದ್ದರೆ ಸರಿ. ಕುಡಿದು ಬಂದು ವಿಮಾನ ಕೆಡಿಸಿದ ಎಂದು ವಿಮಾನ ಇಲಾಖೆಗೆ ಕಾಗದ ಬರೆದು, ಮತ್ತೆ ಯಾವ ವಿಮಾನಕ್ಕೂ ಕೈ ಹಾಕದ ಹಾಗೆ ಮಾಡಿದರು. ಬೀಡಿ ಕೂಡ ಸೇದದ ಮನುಷ್ಯ. ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಕುಡಿದದ್ದು ನೋಡಿದ್ದೀರಲ್ಲ ಎಂದು ಕೇಳಿದ. ಹೌದು ಎಂದು ನಾನು ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ನೆಲ ನೋಡುತ್ತಾ ನಿಂತೆ. ಮನೆಯಲ್ಲಿ ಎರಡು ಮಕ್ಕಳಿದ್ದವು ಎಂದು ಈಗ ಹೇಳಬಹುದು. ಹೇಳಿದರೂ ಅವತ್ತು ಸುಮ್ಮನೆ ನಿಂತದ್ದು ಅಳಿಸಿಹೋಗುವುದಿಲ್ಲ.

ಹತ್ತು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ನಮ್ಮದಲ್ಲದ ಒಂದು ಹಳದಿ ವಿಮಾನ ಮೈದಾನದ ಮೇಲೆ ಸುತ್ತು ಹಾಕಿತು. ದಾರಿಯ ನಡುವೆ ಗೌಡರ ಎಮ್ಮೆ. ನಾನು ಸೆರಗು ಸಿಕ್ಕಿಸಿಕೊಂಡು ಓಡಿದೆ. ವಿಮಾನ ಎರಡು ಸಲ ಕುಪ್ಪಳಿಸಿ ಇಳಿಯಿತು. ಇಳಿದವಳು ಶಕುಂತಲಾ. ಒಳಗೆ ಮತ್ತೆ ಯಾರೂ ಇಲ್ಲ. ಲೈಸೆನ್ಸಿಗೆ ಮುಂಚೆ ಒಬ್ಬರೇ ಬೇರೆ ಊರಿಗೆ ಹಾರಿ, ಅಲ್ಲಿಯವರಿಂದ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಬರಬೇಕಂತೆ. ಅವಳ ಶಾಲೆಯವರು ಇಲ್ಲಿಗೇ ಕಳಿಸಿದ್ದರು.

ಅವಳು ಮೊದಲು ಕೇಳಿದ್ದು ಮೇಸ್ತ್ರಿಯನ್ನು. ಮ್ಯಾನೇಜರ್ ಪುಸ್ತಕ ತೆಗೆದುಕೊಳ್ಳುತ್ತಾ, "ಓ ಅವ್ರಾ? ಡ್ರಿಂಕ್ಸ್ ಪ್ರಾಬ್ಲಂ ಇತ್ತಮ್ಮ, ತೆಗೆದ್ವಿ," ಎಂದ.

"ಕುಡೀತಿರ್ಲಿಲ್ಲ ಕಣವ್ವ," ಎಂದೆ ನಾನು. "ನಿಂಗೆ ದಿಟ ಯೋಳಿದ್ಕೆ ಓಡಿಸಿದ್ರು. ಈ ವಯ್ಯ ಸುಳ್ಳು ಯೋಳ್ತಾವ್ನೆ. ಅವತ್ತು ನಾನೂ ಬಾಯ್ ಮುಚ್ಕಂಡಿದ್ದೆ."

ಅವಳು ಅವನನ್ನೇ ನೋಡುತ್ತಾ ನಿಂತಳು, ಸಹಿ ಆಗುವವರೆಗೂ ಕದಲಲಿಲ್ಲ. ಅವನು ಸಹಿ ಹಾಕಿದ, ಹಾಕದೆ ದಾರಿ ಇರಲಿಲ್ಲ. ಅವಳು ಮೇಸ್ತ್ರಿಯ ವಿಳಾಸ ಕೇಳಿದಳು. ಗಂಗಾನಗರದ ಕೋಣೆ ಬಿಟ್ಟು ಎಲ್ಲಿಗೆ ಹೋದರೆಂದು ನನಗೆ ಗೊತ್ತಿರಲಿಲ್ಲ. ಅವಳ ವಿಮಾನ ಮೇಲೇರಿದ ಮೇಲೆ ನಾನು ಪೊರಕೆ ಗೋಡೆಗೆ ಒರಗಿಸಿ ಮನೆಗೆ ಬಂದೆ. ಅವನು ತೆಗೆಯುವ ಮೊದಲು ನಾನೇ ಬಿಟ್ಟೆ.

ಆಮೇಲೆ ಆ ಹಳೆಯ ಕೋಣೆಯ ಮಾಲೀಕರನ್ನು ವಿಚಾರಿಸಿ, ಬಸ್ಸು ಬದಲಾಯಿಸಿ, ಗೊರಗುಂಟೆಪಾಳ್ಯಕ್ಕೆ ಹೋದೆ. ತುಮಕೂರು ರಸ್ತೆಯ ಬದಿಯ ಒಂದು ಲಾರಿ ಗ್ಯಾರೇಜಿನಲ್ಲಿ ಮೇಸ್ತ್ರಿ ಲಾರಿಯ ಅಡಿಯಲ್ಲಿ ಮಲಗಿದ್ದರು. ಕೂದಲು ಪೂರ್ತಿ ನರೆತಿತ್ತು. ಎದ್ದು ಬಂದು ಟೀ ತರಿಸಿದರು. ನಾನು ನಡೆದದ್ದನ್ನೆಲ್ಲ ಒದರಿದೆ.

"ಒಬ್ಬಾಕೀನ ಬಂದಿದ್ಲಾ?" ಎಂದು ಎರಡು ಸಲ ಕೇಳಿದರು. ಎಂಜಿನ್ ಶಬ್ದ ಒಂದೇ ಸಮ ಇತ್ತೇ, ಇಳಿಯುವಾಗ ಎಷ್ಟು ಸಲ ಕುಪ್ಪಳಿಸಿತು ಎಂದೆಲ್ಲ ಕೇಳಿದರು. ತಮ್ಮ ಬಗ್ಗೆ ಒಂದು ಮಾತಿಲ್ಲ.

ನನಗೆ ತಡೆಯಲಾಗಲಿಲ್ಲ. ನೀವು ಇಲ್ಲಿ ಲಾರಿಯ ಕೆಸರು ತಿನ್ನುತ್ತಾ ಬಿದ್ದಿದ್ದೀರಿ, ಅವನು ಅಲ್ಲಿ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ, ಆ ಹುಡುಗಿಯ ಪುಸ್ತಕದಲ್ಲೂ ಅವನದೇ ಹೆಸರು ಕೂತಿತು, ಇದು ಯಾವ ನ್ಯಾಯ ಎಂದು ಕೇಳಿದೆ.

ಅವರು ಟೀ ಮುಗಿಸಿ ಲೋಟ ಕೆಳಗಿಟ್ಟರು. "ಆಕಿ ಒಬ್ಬಾಕೀನ ಹಾರಿ ಬಂದ್ಲು ಅಂತ ಅವನ ಕೈಲೇ ಬರಸ್ಯಾಳಲ್ಲ ಯವ್ವಾ. ಸಾಕು ಬಿಡು," ಎಂದು ಮತ್ತೆ ಲಾರಿಯ ಕೆಳಗೆ ಸರಿದರು.

ಮುಂದಿನ ವರ್ಷ ಹೋದಾಗ ಅವರು ಅಲ್ಲಿರಲಿಲ್ಲ. ಊರಿಗೆ ಹೋದರು ಎಂದರು, ಗದಗದ ಕಡೆ ಎಂಬುದು ಬಿಟ್ಟರೆ ಊರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇದ್ದಾರೋ ಇಲ್ಲವೋ ನನಗೆ ತಿಳಿಯದು. ಅವರಿಗೆ ಸಾಕಾಗಿತ್ತು. ನನಗೆ ಇವತ್ತಿಗೂ ಸಾಕಾಗಿಲ್ಲ.