ಸೋದರತ್ತೆಯ ಬೆನ್ನು

ಸುಂದರವ್ವನ ಕಾಲು ಬಾತಿದ್ದವು. ಬಾತಿರದ ದಿನ ಯಾವುದೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಜಮಖಂಡಿಯ ಒಂದು ಸಣ್ಣ ದವಾಖಾನೆಯಲ್ಲಿ ಅವಳು ಬಾಣಂತಿಯರನ್ನು ನೋಡಿಕೊಳ್ಳುವ ನರ್ಸಬಾಯಿ. ಅಲ್ಲಿ ಅವಳಿಗೆಂದು ಒಂದು ಕುರ್ಚಿ ಇತ್ತು, ಆದರೆ ಅದರ ಮೇಲೆ ಯಾವಾಗಲೂ ಯಾರದಾದರೂ ಬಟ್ಟೆಯ ಗಂಟು ಕೂತಿರುತ್ತಿತ್ತು. ಸಂಜೆ ತನ್ನ ಖೋಲಿಗೆ ಬಂದು, ಬಿಸಿನೀರಿಗೆ ಉಪ್ಪು ಹಾಕಿ, ಕಾಲು ಇಳಿಬಿಟ್ಟು ಕೂತರೆ ಅದೇ ಅವಳ ಪಾಲಿನ ಸುಖ. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ನಿಂತು, "ನರ್ಸಬಾಯಾರ, ಲಗೂನ ಬರ್ರಿ" ಎನ್ನುತ್ತಿದ್ದರು. ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದಳು.

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದು ಕೆಲವು ವರ್ಷವಾಗಿತ್ತು. ಅರಮನೆಯ ಕಡೆ ಮುಖ ಮಾಡಿ ಕೈ ಮುಗಿಯುತ್ತಿದ್ದವರು ಈಗ ವಿಜಾಪುರದಿಂದ ಬರುವ ಸಾಹೇಬರಿಗೆ ಕೈ ಮುಗಿಯುತ್ತಿದ್ದರು. ಒಮ್ಮೆ ಊರ ಸಭೆಯೊಂದಕ್ಕೆ ಅಂಥ ಒಬ್ಬ ಸಾಹೇಬ ಬಂದು, ನರ್ಸಬಾಯಿ ಎಂದರೆ ಸಾಕ್ಷಾತ್ ತಾಯಿ, ಇದು ನೌಕರಿಯಲ್ಲ ಸೇವೆ ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದ. ಭಾಷಣ ಮುಗಿದ ಮೇಲೆ ಎಲ್ಲರಿಗೂ ಕಪ್ಪುಬಸಿಯಲ್ಲಿ ಚಹಾ ಬಂತು. ಸಾಕ್ಷಾತ್ ತಾಯಿಗೆ ಮಾತ್ರ ಹೊರಗಿನ ಕಟ್ಟೆಯ ಮೇಲೆ, ಬೇರೆ ಲೋಟದಲ್ಲಿ ಬಂತು. ಸೇವೆ ಎಂಬ ಮಾತು ಕಿವಿಗೆ ಬಿದ್ದರೆ ಅಂದಿನಿಂದ ಅವಳ ಕಾಲು ಇನ್ನಷ್ಟು ನೋಯುತ್ತಿದ್ದವು.

ಅವಳೇನೂ ಸೇವೆ ಮಾಡುತ್ತೇನೆಂದು ಹೊರಟವಳಲ್ಲ. ಎಳೆ ವಯಸ್ಸಿನಲ್ಲಿ ಕ್ಷಯ ಹಿಡಿದ ಗಂಡನನ್ನು ಕರೆದುಕೊಂಡು ಮಿರಜದ ದವಾಖಾನೆಗೆ ಹೋದಳು. ಗಂಡ ಉಳಿಯಲಿಲ್ಲ. ಅವನನ್ನು ಅವಳು ನೋಡಿಕೊಂಡ ರೀತಿ ಕಂಡಿದ್ದ ಮೇಟ್ರನ್ ಬಾಯಿ, ಇಲ್ಲಿಯೇ ಇದ್ದು ಈ ಕೆಲಸ ಕಲಿ ಎಂದಳು. ಆಗಿನ ಕಾಲಕ್ಕೆ ನರ್ಸ ಆಗುವವರೆಂದರೆ ಮಿಶನ್ನಿನ ಹೆಣ್ಣುಮಕ್ಕಳು, ಇಲ್ಲವೇ ಗಂಡನ ಮನೆಗೂ ತವರಿಗೂ ಬೇಡವಾದ ವಿಧವೆಯರು. ಮರ್ಯಾದಸ್ಥರ ಬಾಯಲ್ಲಿ ಆ ಶಬ್ದ ಹೆಚ್ಚೂಕಡಿಮೆ ಬೈಗುಳವೇ. ಗಲಗಲಿಯಿಂದ ಅಪ್ಪ ಗಿರಮಲ್ಲಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಮಗಳನ್ನು ನೋಡಿದ, ಸಾಲಾಗಿ ಹಾಕಿದ ಮಂಚಗಳನ್ನು ನೋಡಿದ. "ಕುರಿ ಕಾಯೂದೂ ಹಿಂಗ ಐತವ್ವಾ. ಯಾವುದು ಕುಂಟಾಕತ್ತೈತಿ, ಯಾವುದು ಮೇವ ಬಿಟ್ಟೈತಿ ಅಂತ ನೋಡಕೋತ ಇರೂದು. ಕಲಿ" ಎಂದು ಹೇಳಿ ಹೋದ. ಮುಂದೆ ಅಪ್ಪ ತೀರಿಕೊಂಡ. ಆ ಒಂದು ಮಾತನ್ನೇ ಊರುಗೋಲು ಮಾಡಿಕೊಂಡು ಅವಳು ಇಷ್ಟು ದೂರ ಬಂದಿದ್ದಳು.

ಮೇಟ್ರನ್ ಬಾಯಿ ಬಲು ಕಟ್ಟುನಿಟ್ಟು. ಅವಳು ಮತ್ತೆ ಮತ್ತೆ ಹೇಳುತ್ತಿದ್ದ ಕತೆ ಒಂದೇ: ಹಿಂದೆ ಯಾವುದೋ ದೇಶದ ಯುದ್ಧದಲ್ಲಿ ಗುಂಡು ತಗಲಿ ಸತ್ತ ಸಿಪಾಯಿಗಳಿಗಿಂತ ದವಾಖಾನೆಯ ಹೊಲಸಿನಿಂದ ಸತ್ತವರೇ ಹೆಚ್ಚಿದ್ದರಂತೆ. ಅದನ್ನು ಕಂಡ ಒಬ್ಬ ಹೆಣ್ಣುಮಗಳು ಮೊದಲು ನೆಲ ತಿಕ್ಕಿಸಿದಳಂತೆ, ದೀಪ ಹಿಡಿದು ಮಂಚ ಮಂಚಕ್ಕೆ ಹೋಗಿದ್ದು ಆಮೇಲಂತೆ. "ಮೊದಲು ಕೈ ತೊಳೆ, ಆಮೇಲೆ ಕೈ ಹಚ್ಚು, ಎಲ್ಲಕ್ಕೂ ಕಡೆಗೆ ಬಾಯಿ ತೆರೆ" ಎಂಬುದು ಮೇಟ್ರನ್ ಬಾಯಿಯ ಪಾಠ. ಸುಂದರವ್ವ ಮೊದಲಿನ ಎರಡನ್ನು ಎಂದೂ ತಪ್ಪಲಿಲ್ಲ. ಮೂರನೆಯದನ್ನು ಒಮ್ಮೆ ತಪ್ಪಿದಳು, ಅದೂ ತವರುಮನೆಯಲ್ಲಿ.

ತವರೆಂದರೆ ಗಲಗಲಿಯಲ್ಲಿ ಹೊಳೆಯ ದಂಡೆಗೆ ಹತ್ತಿದ ಮನೆ, ಮುಂದೆ ಕುರಿ ದೊಡ್ಡಿ. ಒಳಗೆ ಜಗಲಿಯ ಮೇಲೆ ಬೀರಪ್ಪ ದೇವರು. ಅಲ್ಲಿ ತಾಯಿ ಹೊಳೆವ್ವ, ತಮ್ಮ ಜಕ್ಕಪ್ಪ, ಅವನ ಹೆಂಡತಿ ಮಾಯವ್ವ. ಸುಂದರವ್ವ ಹೋದರೆ ಕಂಬಳಿ ಹಾಸುತ್ತಿದ್ದರು, ಆದರೆ ಹೊರಗಿನ ಕಟ್ಟೆಯ ಮೇಲೆ. ದಿನಾ ಯಾರ ಯಾರದೋ ಹೆರಿಗೆಯ ನೆತ್ತರಲ್ಲಿ ಕೈಯಾಡಿಸುವವಳಿಗೆ ಮೈಲಿಗೆ ಕಳೆಯುವುದಾದರೂ ಯಾವಾಗ? ತಾಯಿ ನೀರು ಕೊಡುವಾಗ ಮೇಲಿನಿಂದ ಹೊಯ್ಯುತ್ತಿದ್ದಳು. ರೊಟ್ಟಿ ಕೊಡುವಾಗ ಬುಟ್ಟಿ ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದಳು. ಸಿಟ್ಟಿನಿಂದಲ್ಲ, ದೇವರ ಮನೆ ಎಂಬ ಅಂಜಿಕೆಯಿಂದ. ದಿನವಿಡೀ ಊರವರ ಮೈ ಮುಟ್ಟುವ ಸುಂದರವ್ವನನ್ನು, ಅವಳು ನರ್ಸಬಾಯಿ ಆದಂದಿನಿಂದ, ತನ್ನವರು ಯಾರೂ ಮುಟ್ಟಿರಲಿಲ್ಲ. ಹೆರಿಗೆಯ ಬ್ಯಾನಿ ತಿನ್ನುವ ಹೆಂಗಸರು ಅವಳ ತೋಳನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದರು, ಖರೆ. ಆದರೆ ಅದು ಅವಳೆಂದು ಹಿಡಿದದ್ದಲ್ಲ. ಅಲ್ಲಿ ಒಂದು ಕಂಬವಿದ್ದರೂ ಹಿಡಿಯುತ್ತಿದ್ದರು.

ಆ ಮನೆತನದಲ್ಲಿ ಒಂದು ರೂಢಿಯಿತ್ತು. ಮುತ್ತಜ್ಜನ ಕಾಲದ ಉಣ್ಣೆ ಕತ್ತರಿಯೊಂದು ಭಂಡಾರದ ಅರಿಸಿನ ಬಳಿದುಕೊಂಡು ಬೀರಪ್ಪನ ಪಕ್ಕದಲ್ಲಿ ಕೂತಿರುತ್ತಿತ್ತು. ಮನೆಯ ಕೂಸಿನ ಹೊಕ್ಕುಳಬಳ್ಳಿಯನ್ನು ಅದರಿಂದಲೇ ಕೊಯ್ಯಬೇಕು, ಆಗಲೇ ಕೂಸು ದೇವರ ಹಿಂಡಿಗೆ ಸೇರಿದ ಲೆಕ್ಕ. ವರ್ಷಕ್ಕೊಮ್ಮೆ ಮೊದಲ ಕುರಿಯ ಉಣ್ಣೆ ಕತ್ತರಿಸಲು ಅದನ್ನು ದೊಡ್ಡಿಗೆ ಒಯ್ಯುತ್ತಿದ್ದರು. ಕುರಿ ಹಿಕ್ಕೆಯ ನಡುವೆಯೇ ಇಡುತ್ತಿದ್ದರು, ಒರೆಸಿ ಜಗಲಿಗೆ ತರುತ್ತಿದ್ದರು. ತೊಳೆಯುವ ವಿಚಾರ ಯಾರ ತಲೆಗೂ ಬಂದಿರಲಿಲ್ಲ. ದೇವರ ವಸ್ತುವಿಗೆ ಎಲ್ಲಿಯ ಹೊಲಸು?

ಮಾಯವ್ವನ ಚೊಚ್ಚಲು ಕೂಸು ಹುಟ್ಟಿದಾಗ ಸುಂದರವ್ವನಿಗೆ ಹೇಳಿ ಕಳಿಸಲಿಲ್ಲ. ಕೂಸು ಮೊಲೆ ಬಿಟ್ಟು, ಬಾಯಿ ಕಚ್ಚಿಕೊಂಡು, ಬಿಲ್ಲಿನಂತೆ ಬಾಗತೊಡಗಿದ ಮೇಲೆ ಹೇಳಿ ಕಳಿಸಿದರು. ಹೊಲಸು ಕತ್ತರಿಯಿಂದ ಬರುವ ಧನುರ್ವಾಯು ಅದೆಂದು ಕೇಳಿದೊಡನೆ ಅವಳಿಗೆ ತಿಳಿಯಿತು. ಅವಳು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಆ ಕೂಸಿಗೆ ಹೆಸರೂ ಇರಲಿಲ್ಲ. ಮಾಯವ್ವ ಗೋಡೆಗೆ ಆತು ಕೂತಿದ್ದಳು, ಮಂದಿ ನೆರೆದಿದ್ದರು. ಸುಂದರವ್ವ ಬಾಗಿಲಲ್ಲಿ ನಿಂತು, "ಗಾಳಿ ಅಲ್ಲ, ದೆವ್ವ ಅಲ್ಲ. ನಿನ್ನ ಕತ್ತರೀನ ಕೂಸಿನ್ನ ಕೊಂದೈತಿ ಜಕ್ಕಪ್ಪಾ" ಎಂದುಬಿಟ್ಟಳು.

ಮಾತು ನಿಜ. ಆದರೆ ಮೊಲೆಯಲ್ಲಿ ಹಾಲು ಬತ್ತದ ಹೆಂಗಸಿನ ಎದುರು ಆಡುವ ಮಾತೇ ಅದು? ಜಕ್ಕಪ್ಪ ಎದ್ದು ಬಂದ. "ನಿನ್ನ ಬಳ್ಳಿ ಕೊಯ್ದದ್ದೂ ಅದ ಕತ್ತರಿ. ನೀ ಸತ್ತೇನು? ದೇವರಿಗೆ ಅಂದಾಕಿ ಈ ಕಟ್ಟಿ ತುಳೀಬ್ಯಾಡ" ಎಂದ. ಅವಳು ತುಳಿಯಲಿಲ್ಲ. ಅಕ್ಕ ತಮ್ಮಂದಿರ ಮಾತು ಅಲ್ಲಿಗೆ ನಿಂತಿತು.

ಈಗ ಮಾಯವ್ವನಿಗೆ ಮತ್ತೆ ದಿನ ತುಂಬಿವೆ ಎಂಬ ಸುದ್ದಿ ಸಂತೆಗೆ ಬಂದವರಿಂದ ಸಿಕ್ಕಿತ್ತು. ಊರವರ ಕೂಸುಗಳನ್ನೆಲ್ಲ ಹಿಡಿದ ಕೈ ತನ್ನ ತಮ್ಮನ ಕೂಸನ್ನು ಹಿಡಿಯಲಾರದೇ? ತನ್ನನ್ನು ಕರೆಯದಿದ್ದರೆ ಆ ಕತ್ತರಿ ಮತ್ತೆ ಜಗಲಿಯಿಂದ ಇಳಿಯುತ್ತದೆ. ಸುಂದರವ್ವನಿಗೆ ಬೇರೆಯವರ ಹೆರಿಗೆ ಮಾಡುವಾಗಲೂ ಅದೇ ಕಣ್ಣ ಮುಂದೆ ಬರುತ್ತಿತ್ತು. ಕರೆಯದೆ ಹೋಗಲು ಅವಳಿಗೆ ಮುಖವಿರಲಿಲ್ಲ.

ಒಂದು ಮುಂಜಾನೆ ಹೊಳೆವ್ವ ತಾನೇ ಬಂದು ದವಾಖಾನೆಯ ಬೇವಿನ ಗಿಡದ ಕೆಳಗೆ ನಿಂತಳು. ಮುದುಕಿ ಮೋಟಾರು ಹತ್ತಿದ್ದು ಜನ್ಮದಲ್ಲಿ ಅದೇ ಮೊದಲು. ತಲೆ ತಿರುಗಿ ಗಿಡ ಹಿಡಿದುಕೊಂಡಿದ್ದಳು.

"ಬ್ಯಾನಿ ಚಾಲೂ ಆಗ್ಯಾವ. ಸೂಲಗಿತ್ತಿ ಅನ್ನವ್ವ ಕುಂತಾಳ. ಮಾಯವ್ವ ನಿನ್ನ ಹೆಸರ ತಗಿಯಾಕತ್ತಾಳ" ಎಂದಳು.

"ತಮ್ಮ ಏನಂದ?"

"ಅಂವ ಏನೂ ಅಂದಿಲ್ಲ. ಕೇಳಾಕ ನಾನೂ ನಿಂತಿಲ್ಲ. ನಡಿ."

ಹಿಂದಿನ ದಿನದಿಂದ ಕಣ್ಣು ಮುಚ್ಚಿರಲಿಲ್ಲ ಸುಂದರವ್ವ. ಡಾಕ್ಟರಿಗೆ ಹೇಳಿ, ಚೀಲ ತಗೊಂಡು ಹೊರಟಳು. ಮೋಟಾರಿನಲ್ಲಿ ತೂಕಡಿಸಿ ತಲೆ ಅವ್ವನ ಹೆಗಲ ಕಡೆ ವಾಲಿತು. ಅವ್ವ ಮೆಲ್ಲಗೆ ಸರಿದು ಕೂತಳು. ಸುಂದರವ್ವ ಎಚ್ಚರಾಗಿ, ನಿದ್ದೆ ಬಂದಂತೆ ಕಣ್ಣು ಮುಚ್ಚಿಯೇ ಕೂತಳು.

ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಜಕ್ಕಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಅದೇ ಕತ್ತರಿ. ಒಳಗಿನಿಂದ ಮಾಯವ್ವ ನರಳುವುದು ಕೇಳುತ್ತಿತ್ತು.

"ಬಂದಿ, ಛಲೋ ಆತು. ಆದ್ರ ಬಳ್ಳಿ ಕೊಯ್ಯೂದು ಇದರಿಂದನ" ಎಂದ, ಅಕ್ಕನ ಮುಖ ನೋಡದೆ.

ಚೀಲದಲ್ಲಿ ಅವಳದೇ ಚೊಕ್ಕ ಕತ್ತರಿಯಿತ್ತು. ಜಗಳವಾಡಲು ಮಾತುಗಳೂ ಇದ್ದವು. ಆದರೆ ಕಾಲಲ್ಲಿ ಜೀವವಿರಲಿಲ್ಲ. ಹಿಂದೊಮ್ಮೆ ಗೆದ್ದ ವಾದದಿಂದ ಸಿಕ್ಕಿದ್ದೇನು ಎಂಬುದೂ ನೆನಪಿತ್ತು. ಅವಳು ಕಟ್ಟೆಯ ಕೆಳಗೇ ಕೂತಳು.

"ಆಗಲಿ, ಅದರಿಂದನ ಕೊಯ್ಯೂಣು. ಆದ್ರ ದೇವರ ಕೆಲಸಕ್ಕ ನಾವೆಲ್ಲಾ ಜಳಕಾ ಮಾಡತೇವಿ. ಅದಕ್ಕೊಂದು ಜಳಕಾ ಬ್ಯಾಡೇನೋ ತಮ್ಮಾ?"

"ಜಳಕಾ ಅಂದ್ರ?"

"ಕುದಿಯೂ ನೀರಾಗ. ಒಂದು ಗಡಿಗಿ ಅನ್ನ ಬೇಯೂತನಾ."

"ಬೆಂಕಿಗಿಟ್ರ ಅದರ ಸತ್ವಾ ಹೋಗತೈತಿ."

"ಕಮ್ಮಾರ ಅದನ್ನ ಬೆಂಕ್ಯಾಗ ಹಾಕದನ ಮಾಡಿದ್ದೇನು?"

ಜಕ್ಕಪ್ಪ ಕತ್ತರಿಯನ್ನು ಎದೆಗೆ ಒತ್ತಿಕೊಂಡ. ಆಗ ಹೊಳೆವ್ವ ಒಳಗಿನಿಂದ ಕುದಿಯುವ ನೀರಿನ ಗಡಿಗೆಯನ್ನೇ ತಂದು ಹೊರಗಿನ ಕಲ್ಲಿನ ಒಲೆಯ ಮೇಲಿಟ್ಟಳು. ಜಗಲಿಯಿಂದ ಒಂದು ಹಿಡಿ ಭಂಡಾರ ತಂದು ನೀರಿಗೆ ಹಾಕಿದಳು.

"ಕೊಡೋ ಇಲ್ಲಿ" ಎಂದಳು ಮಗನಿಗೆ. "ಅದರಿಂದ ಬಳ್ಳಿ ಕೊಯ್ದ ಕೂಸು ನನಗ ನೀವಿಬ್ಬರಷ್ಟ ಅಲ್ಲ. ನಿಮ್ಮ ನಡುವ ಹುಟ್ಟಿದ್ವು ಎಲ್ಲಿ ಅದಾವ ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಎಲ್ಲಾ ವಾರದಾಗ ಹ್ವಾದ್ವು, ಎಲ್ಲಾ ಬಾಗಿ ಹ್ವಾದ್ವು. ದೇವರು ಒಯ್ದ ಅಂದೆ. ದೇವರಿಗೆ ಬಿಸಿನೀರ ಕಾಸಿಕೊಡಲಾರದ ಪಾಪಿ ನಾನ ಇದ್ದೇನೇನೋ."

ಜಕ್ಕಪ್ಪನ ಕೈ ಸಡಿಲಾಯಿತು. ಕತ್ತರಿ ಹಳದಿ ನೀರಿಗೆ ಇಳಿಯಿತು.

ಮುಂದಿನದು ಸುಂದರವ್ವನಿಗೆ ದಿನದ ಕೆಲಸ. ರೂಢಿಯಂತೆ ಕೊಯ್ಯುವ ಕೈ ಮನೆಯ ಹಿರಿಯಳಾದ ಹೊಳೆವ್ವನದು. ಅವಳ ಎರಡೂ ಕೈಗೆ ಸುಂದರವ್ವ ಮೇಲಿನಿಂದ ನೀರು ಹೊಯ್ದಳು, ಸಾಬಣ ಉಜ್ಜಿಕೊಳ್ಳಲು ಹೇಳಿದಳು, ಮತ್ತೆ ಹೊಯ್ದಳು. ಈ ಸಲ ಮುಟ್ಟಬಾರದ ಕಾರಣ ಬೇರೆ ಇತ್ತು. ಹೆರಿಗೆಯ ಖೋಲಿಯಲ್ಲಿ ಅನ್ನವ್ವ ಮಾಯವ್ವನ ಬೆನ್ನಿಗೆ ಆಸರೆಯಾಗಿ ಕೂತಳು, ಸುಂದರವ್ವ ಕೂಸನ್ನು ಹಿಡಿದಳು. ಗಂಡು. ಎರಡು ಕಡೆ ದಾರ ಕಟ್ಟಿದಳು, ಹೊಳೆವ್ವ ಕೊಯ್ದಳು. ಕೂಸು ಅತ್ತಿತು, ಮಾಯವ್ವ ಅತ್ತಳು. ಸುಂದರವ್ವನಿಗೆ ಅಳುವಷ್ಟೂ ಶಕ್ತಿ ಇರಲಿಲ್ಲ. ಹೊಕ್ಕುಳಿಗೆ ಬೂದಿ, ಸಗಣಿ ಏನೂ ಹಚ್ಚಬೇಡಿರೆಂದು ಹೇಳಿ, ಕಟ್ಟೆಯ ಮೇಲೆ ರೊಟ್ಟಿ ತಿಂದು, ಸಂಜೆಯ ಮೋಟಾರಿಗೆ ಹೊರಟಳು. ಕೆಲಸ ಕಾಯುತ್ತಿತ್ತು. ಜಕ್ಕಪ್ಪ ದೊಡ್ಡಿಯಿಂದ ಹೊರಗೆ ಬರಲಿಲ್ಲ.

ಆ ವಾರ ಅವಳ ಪಾಲಿಗೆ ವರ್ಷವಾಯಿತು. ನೀರು ಸಾಕಷ್ಟು ಕುದಿದಿತ್ತೇ? ದಾರ? ಭಂಡಾರದಲ್ಲಿ ಏನಾದರೂ ಇದ್ದರೆ? ದವಾಖಾನೆಯಲ್ಲಿ ಯಾವ ಕೂಸು ಬಾಯಿ ಮುಚ್ಚಿ ಮಲಗಿದರೂ ದವಡೆ ಕಚ್ಚಿದೆಯೇ ಎಂದು ಬೆರಳಿಟ್ಟು ನೋಡುತ್ತಿದ್ದಳು. ತಾನು ಕುದಿಸಿದ ಮೇಲೂ ಕೂಸು ಹೋದರೆ ಕತ್ತರಿ ಗೆದ್ದಂತೆ. ಆ ಮನೆಯಲ್ಲಿ ಇನ್ನು ಮುಂದೆ ಹುಟ್ಟುವ ಕೂಸುಗಳಿಗೆ ಯಾರೂ ನೀರು ಕಾಸುವುದಿಲ್ಲ.

ವಾರ ದಾಟಿ ಕೆಲವು ದಿನಕ್ಕೆ, ಬೇವಿನ ಗಿಡದ ಕೆಳಗೆ ಜಕ್ಕಪ್ಪ ನಿಂತಿದ್ದು ಕಿಟಕಿಯಿಂದ ಕಂಡಿತು. ತಲೆ ತಗ್ಗಿಸಿ ನಿಂತಿದ್ದ, ಒಳಗೆ ಬರಲಿಲ್ಲ. ಸುಂದರವ್ವ ಕೈಯಲ್ಲಿದ್ದ ಬೋಗುಣಿಯನ್ನು ಕುರ್ಚಿಯ ಮೇಲಿನ ಗಂಟಿನ ಮೇಲೇ ಇಟ್ಟಳು. ಗೋಡೆ ಹಿಡಿದು ಹಿಡಿದು ಹೊರಗೆ ಬಂದಳು.

"ಅಕ್ಕಾ" ಎಂದ ಜಕ್ಕಪ್ಪ. ಎಷ್ಟೋ ದಿನದ ಮೇಲೆ ಆ ಮಾತು. "ಸಂಜಿಕ ತೊಟ್ಟಲಾ ಹಾಕತೇವಿ. ಹೆಸರ ಇಡಾಕ ಸೋದರತ್ತಿ ಬೇಕಲಾ. ನಡಿ."

ಅವಳು ಗಿಡದ ಬುಡಕ್ಕೆ ಕುಸಿದು ಕೂತಳು. "ಮೊದಲ ಅದನ್ನ ಹೇಳಬೇಕೋ ಇಲ್ಲೋ ಹುಚ್ಚಪ್ಪಾ" ಎಂದು ಬೈದಳು.

ಸಂಜೆ ಅವಳನ್ನು ಮನೆಮಗಳೆಂದು ಕಟ್ಟೆ ಹತ್ತಿಸಿದರು, ಒಳಗೆ ಕರೆದರು. ತೊಟ್ಟಿಲ ಸುತ್ತ ಓಣಿಯ ಹೆಂಗಸರು. ಸೋದರತ್ತೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳಿದ ಕೂಡಲೇ ಸುತ್ತಲಿನವರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಎಲ್ಲ ಮನೆಗಳಲ್ಲೂ ನಡೆಯುವ ಚೇಷ್ಟೆ ಇದು. ಸುಂದರವ್ವ ತೊಟ್ಟಿಲಿನೊಳಗೆ ಬಾಗಿದಳು. ಕೂಸು ಬಾಯಿ ಅಗಲವಾಗಿ ತೆರೆದು ಆಕಳಿಸಿತು. ಎಂಥ ಚಂದದ ಬಾಯಿ!

"ಗಿರಮಲ್ಲಪ್ಪಾ" ಎಂದಳು ಕಿವಿಯಲ್ಲಿ, ಅಪ್ಪನ ಹೆಸರನ್ನು.

ಗುದ್ದು ಬೀಳಲಿಲ್ಲ. ಎತ್ತಿದ ಕೈಗಳೆಲ್ಲ ಮೇಲೆಯೇ ನಿಂತವು. ನರ್ಸಬಾಯಿಯ ಬೆನ್ನು ಅದು. ಮುಟ್ಟಬಹುದೋ ಬಾರದೋ? ಒಬ್ಬರ ಮುಖ ಒಬ್ಬರು ನೋಡಿದರು. ಸುಂದರವ್ವ ಬಾಗಿಯೇ ಇದ್ದಳು, ಏಳಲು ತಿಳಿಯದೆ.

ಆಗ ಒಂದು ಗುದ್ದು ಬಿತ್ತು. ಮುದಿ ಕೈಯ ಗುದ್ದು, ಅದರಲ್ಲಿ ಜೋರಿರಲಿಲ್ಲ. ಆದರೆ ಗುದ್ದಿದ ಕೈ ಹಿಂದೆ ಹೋಗಲಿಲ್ಲ, ಬೆನ್ನ ಮೇಲೆ ಹಾಗೆಯೇ ಕೂತಿತು. ಅವ್ವನ ಕೈ. ಅದರ ಹಿಂದೆ ಮಾಯವ್ವನದು, ಅನ್ನವ್ವನದು, ಓಣಿಯ ಎಲ್ಲರದು. ದಬದಬ ಗುದ್ದಿದರು, ನಕ್ಕರು.

"ಸಾಕ ಬಿಡ್ರೇ, ದಣದ ಬಂದಾಳ" ಎಂದ ಜಕ್ಕಪ್ಪ ಬಾಗಿಲಿನಿಂದ.

ಸುಂದರವ್ವನ ಮುಖ ತೊಟ್ಟಿಲಿನೊಳಗೇ ಇತ್ತು, ಕೂಸಿನ ಕುಲಾವಿ ಒದ್ದೆಯಾಗುತ್ತಿತ್ತು. "ಇರಲಿ, ಗುದ್ರಿ" ಎಂದಳು. "ಇನ್ನೊಂದೀಟ ಗುದ್ರಿ."