ಎರಡೆರಡು ಸಲ ಮೌನ

ಮುಳಗುಂದದಾಗ ನಮ್ಮದು ಮೈಕ್‌ಸೆಟ್ ಧಂದೆ. ಪಾರ್ಟಿ ಬಾವುಟ ಕಟ್ಟಿಕೋತನ ಮುಪ್ಪಾದ ಫಕೀರಪ್ಪಜ್ಜ ತೀರಿಕೊಂಡಾಗ, ಶ್ರದ್ಧಾಂಜಲಿ ಸಭಾಕ್ಕ ನನಗ ಹೇಳಿಕಳಿಸಿದರು. ಪಾರ್ಟಿ ಒಂದ, ಬಣ ಮಾತ್ರ ಎರಡು. ಗದಗಿನ ಲೀಡರ್ ಕಡೆಯವರು ಎಡಕ್ಕ ಕುಂತರ, ಶಿರಹಟ್ಟಿ ಲೀಡರ್ ಕಡೆಯವರು ಬಲಕ್ಕ ಕುಂತಿದ್ದರು.

ಗದಗಿನವರು ಮೈಕ್ ಹಿಡಿದು, "ಎರಡು ನಿಮಿಷ ಮೌನ, ಎಲ್ಲಾರೂ ಎದ್ದು ನಿಲ್ರಿ" ಅಂದರು.

ಬಲಗಡೆ ಯಾರೂ ಏಳಲಿಲ್ಲ. "ಅವರು ಹೇಳಿದ್ರ ನಾವ್ಯಾಕ ಏಳೂಣು?" ಅಂತ ಕುಂತಲ್ಲೇ ಗದ್ದಲ ಹಾಕಿದರು. ಆಮ್ಯಾಲ ಶಿರಹಟ್ಟಿಯವರು ಮೈಕ್ ಕಸಗೊಂಡು, ತಮ್ಮದೂ ಎರಡು ನಿಮಿಷ ಮೌನ ಅಂತ ಸಾರಿದರು. ಈಗ ಗದ್ದಲದ ಪಾಳಿ ಎಡಗಡೆಯವರದು.

ಮುಂದಿನ ಸಾಲಿನಾಗ ಅಜ್ಜನ ಹೆಂಡತಿ ಗಂಗವ್ವ ಎರಡೂ ಸಲ ಮೊಣಕಾಲು ಹಿಡಕೊಂಡು ಎದ್ದು ನಿಂತಿದ್ದಳು.

"ಕುಂಡ್ರಬೇ ಯವ್ವಾ" ಅಂದೆ.

"ತಮ್ಮಾ, ನಮ್ಮನಿಯವರು ಯಾರ ಕಡೆ ಇದ್ರೋ? ಪಾರ್ಟಿ ಕೆಲಸಕ್ಕ ಹೊಂಟೀನಿ ಅಂತಿದ್ರು, ಅಷ್ಟ ನನಗ ಗೊತ್ತು" ಅಂದಳು.

ನಾ ಹೋಗಿ ಮೈಕ್ ಬಂದ್ ಮಾಡಿದೆ. ಅವತ್ತು ಆ ಸಭಾದಾಗ ಗಂಗವ್ವನ್ನ ಬಿಟ್ಟರ ಅಜ್ಜನ ಸಲುವಾಗಿ ಖರೇನ ಮೌನ ಆಚರಿಸಿದ್ದು ನನ್ನ ಮೈಕ್ ಒಂದ.